ಗದಗ ಸೀಮೆಯ ಬೆಡಗು ಮತ್ತು ಬಟ್ಟೆ

ಒಂದೇ ಮೂಲಪುರುಷನಿಂದ ಬಂದವರೆಂದು ನಂಬಿಕೊಂಡ ಮನೆತನಗಳ ಗುಂಪಿಗೆ ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಬೆಡಗು ಎನ್ನುತ್ತಾರೆ. ಒಂದು ಬೆಡಗಿನವರೆಲ್ಲ ಅಣ್ಣತಮ್ಮಂದಿರು; ಅವರೊಳಗೆ ಹೆಣ್ಣು ಕೊಡುವುದೂ ಇಲ್ಲ, ತರುವುದೂ ಇಲ್ಲ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಲ್ಲಿ ಇದಕ್ಕೆ ಹತ್ತಿರವಾದ ವ್ಯವಸ್ಥೆ ಕ್ಲ್ಯಾನ್. ಮದುವೆಯ ನಿಯಮದಲ್ಲಿ ಎರಡಕ್ಕೂ ಹೋಲಿಕೆ ಇಲ್ಲ, ಆದರೆ ಒಬ್ಬ ಹಿರಿಯನ ಹೆಸರಿನಡಿ ಒಂದಾಗುವ ಭಾವ ಎರಡರಲ್ಲೂ ಇದೆ. ಪ್ರತಿ ಕ್ಲ್ಯಾನಿಗೂ ತನ್ನದೇ ಚೌಕಳಿಯ ಉಣ್ಣೆಬಟ್ಟೆ ಉಂಟು, ಅದನ್ನು ಟಾರ್ಟನ್ ಎನ್ನುತ್ತಾರೆ, ಅದನ್ನು ನೋಡಿದರೆ ಉಟ್ಟವನ ಕುಲ ತಿಳಿಯುತ್ತದೆ ಎಂಬ ನಂಬಿಕೆ ಜಗತ್ತಿನಲ್ಲೆಲ್ಲ ಹರಡಿದೆ. ಗದಗ ಸೀಮೆಯಲ್ಲಿಯೂ ಚೌಕಳಿ ಬಟ್ಟೆ ನೇಯುವ ಮಗ್ಗಗಳಿವೆ, ತಲೆತಲಾಂತರದ ವಂಶಾವಳಿ ಕಾಯ್ದುಕೊಂಡ ಮನೆತನಗಳಿವೆ. ಆದರೂ ಇಲ್ಲಿ ಯಾವ ಬೆಡಗೂ ಒಂದು ಚೌಕಳಿಯನ್ನು ತನ್ನದೆಂದು ಹಿಡಿದುಕೊಳ್ಳಲಿಲ್ಲ. ಇದನ್ನು ಇಲ್ಲಿಯ ಕೊರತೆಯೆಂದು ತಿಳಿಯಬೇಕಾಗಿಲ್ಲ. ಬಟ್ಟೆ ಹೇಳುವುದು ಮಗ್ಗದ ಊರನ್ನು ಮತ್ತು ಉಡುವ ಸಂದರ್ಭವನ್ನು. ಕುಲವನ್ನು ಹೇಳುವುದು ಮಾತು ಮತ್ತು ಬರಹ. ಸ್ಕಾಟ್ಲೆಂಡಿನಲ್ಲಿಯೂ ಮೊದಲು ಹೀಗೆಯೇ ಇತ್ತು. ಅಲ್ಲಿ ಎರಡನ್ನೂ ಒಂದುಗೂಡಿಸಿದವು ಸೈನ್ಯ, ಕಾನೂನು ಮತ್ತು ಮಾರುಕಟ್ಟೆ.

ಧಾರವಾಡ ಜಿಲ್ಲೆಯಿಂದ 1997ರಲ್ಲಿ ಬೇರ್ಪಟ್ಟ ಗದಗ ಜಿಲ್ಲೆಯ ಕೇಂದ್ರ ಗದಗ-ಬೆಟಗೇರಿ ಅವಳಿ ನಗರ. ಗದಗ ಹತ್ತಿಯ ಪೇಟೆಯಾಗಿ ಬೆಳೆದರೆ ಬೆಟಗೇರಿ ನೇಕಾರರ ಊರಾಗಿ ಹೆಸರಾಯಿತು. ಸುತ್ತಲಿನ ಎರಿ ನೆಲದ ಹತ್ತಿ, ನೇಯುವ ಕೈ, ಕೊಳ್ಳುವ ಒಕ್ಕಲುತನದ ಹಳ್ಳಿ ಇವು ಮೂರೂ ಕೆಲವೇ ಹರದಾರಿಗಳೊಳಗೆ ಕೂಡಿಬಂದದ್ದು ಈ ಸೀಮೆಯ ವಿಶೇಷ. ಗದಗದಿಂದ ಮುಳಗುಂದಕ್ಕೆ ಹೋಗುವ ದಾರಿಯಲ್ಲಿರುವ ಮಲ್ಲಸಮುದ್ರದಂಥ ಹಳ್ಳಿಗಳು, ದಕ್ಷಿಣಕ್ಕೆ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳು ಬಟ್ಟೆಗೆ ಪೇಟೆಯನ್ನೇ ನಂಬಿದ್ದವು. ನೇಯುವವರು ದೇವಾಂಗ, ಹಟಗಾರ, ಕುರುಹಿನಶೆಟ್ಟಿ, ಪದ್ಮಸಾಲಿ, ಪಟ್ಟಸಾಲಿ ಮೊದಲಾದ ಸಮುದಾಯದವರು. ಉಡುವವರು ಊರಿನ ಎಲ್ಲ ಜಾತಿಯವರು. ನೇಯುವವನ ಕುಲ ಬೇರೆ, ಉಡುವವನ ಕುಲ ಬೇರೆ. ಒಂದೇ ಹಾಸಿನಿಂದ ಇಳಿದ ಸೀರೆಗಳು ಹತ್ತು ಕುಲದ ಮನೆ ಸೇರುವಲ್ಲಿ ಆ ಸೀರೆಯ ಬಣ್ಣದ ಸಾಲು ಯಾವ ಒಂದು ಕುಲಕ್ಕೂ ಮೀಸಲಾಗುವುದು ಸಾಧ್ಯವಿರಲಿಲ್ಲ.

ಈ ಸೀಮೆಯ ಹೆಣ್ಣುಮಕ್ಕಳು ಹೆಚ್ಚಾಗಿ ಉಟ್ಟದ್ದು ಇಳಕಲ್ ಮಾದರಿಯ ಸೀರೆ. ಅದರ ಗುರುತು ಒಡಲಿಗಿಂತ ಸೆರಗಿನಲ್ಲಿದೆ. ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ, ಒಡಲಿನ ಹತ್ತಿಯ ಹಾಸು ಬೇರೆ. ನೇಕಾರ ಎರಡರ ಎಳೆಗಳನ್ನೂ ಒಂದರೊಳಗೊಂದು ಕೊಂಡಿ ಹಾಕಿ ಸೇರಿಸುತ್ತಾನೆ. ಹೀಗಾಗಿ ಪ್ರತಿ ಸೀರೆಗೂ ಬೇರೆಯಾಗಿ ಹಾಸು ಮಾಡಿಕೊಳ್ಳಬೇಕು. ಹೀಗೆ ಕೂಡಿಸಿದ ಸೆರಗಿಗೆ ಟೋಪ ತೆನಿ ಎಂದು ಹೆಸರು. ಕೋಟೆಯ ತೆನೆಯಂತೆ, ಬಾಚಣಿಗೆಯ ಹಲ್ಲಿನಂತೆ ಬಿಳಿ ಚಾಚುಗಳು ಕೆಂಪಿನೊಳಗೆ ನುಗ್ಗುತ್ತವೆ. ಅಂಚಿಗೆ ಗೋಮಿ, ಪರಾಸಪೇಟ, ಗಾಡಿ ಮುಂತಾದ ಹೆಸರುಗಳಿವೆ. ಇದೇ ಜಿಲ್ಲೆಯ ಗಜೇಂದ್ರಗಡದಲ್ಲಿ ನೇಯುತ್ತಿದ್ದ ಪಟ್ಟೇದ ಅಂಚಿನ ಸೀರೆ ಟಾರ್ಟನ್ನಿಗೆ ಇನ್ನೂ ಹತ್ತಿರದ್ದು. ದಪ್ಪ ಹತ್ತಿ ನೂಲಿನ ಒಡಲ ತುಂಬ ಸಣ್ಣ ಚೌಕಳಿ, ಎರಡೂ ಕಡೆ ಒಡೆದು ಕಾಣುವ ಬಣ್ಣದ ಅಗಲ ಅಂಚು. ಹೊಲದಲ್ಲಿ ದುಡಿಯುವ ಹೆಂಗಸಿನ ಬಾಳಿಕೆಗೆ ತಕ್ಕ ಬಟ್ಟೆ. ಸವದತ್ತಿಯ ಎಲ್ಲಮ್ಮನಿಗೆ ಅರ್ಪಿಸುವುದಕ್ಕೂ ಮದುವಣಗಿತ್ತಿಗೆ ಉಡಿಸುವುದಕ್ಕೂ ಅದನ್ನು ಬಳಸುತ್ತಿದ್ದರು. ಮಗ್ಗದಿಂದ ಮರೆಯಾಗುವ ಹೊತ್ತಿಗೆ ವಿನ್ಯಾಸಕಿ ಹೇಮಲತಾ ಜೈನ್ ಅದನ್ನು ಮತ್ತೆ ನೇಯಿಸಿದರು. ಈ ಹೆಸರುಗಳ ಪಟ್ಟಿಯನ್ನು ಪೂರ್ತಿ ಓದಿದರೂ ಅದರಲ್ಲಿ ಸಿಗುವುದು ಊರು, ಅಂಚಿನ ಬಗೆ, ಸೆರಗಿನ ಆಕಾರ, ದೇವರು ಮತ್ತು ಸಂದರ್ಭ. ಉಡುವ ಮನೆತನದ ಹೆಸರು ಹೊತ್ತ ಒಂದು ಅಂಚೂ ಸಿಗುವುದಿಲ್ಲ.

ಹಾಗಾದರೆ ಮನೆತನದ ಗುರುತು ಉಳಿದದ್ದು ಎಲ್ಲಿ? ಮೊದಲನೆಯದು ಬೆಡಗು ಮತ್ತು ಗೋತ್ರ. ಕುರುಬರ ಬೆಡಗುಗಳಿಗೆ ಆನೆ, ಅರಿಶಿನ ಮೊದಲಾದ ಪ್ರಾಣಿ, ಗಿಡ, ವಸ್ತುಗಳ ಹೆಸರಿವೆ. ಅರಿಶಿನ ಬೆಡಗಿನವರು ಹಿಂದೆ ಅರಿಶಿನ ಬಳಸುತ್ತಿರಲಿಲ್ಲ ಎಂಬ ದಾಖಲೆಯಿದೆ. ವೀರಶೈವರಲ್ಲಿ ಪಂಚಾಚಾರ್ಯ ಪರಂಪರೆಯವರು ವೀರ, ನಂದಿ, ಭೃಂಗಿ, ವೃಷಭ, ಸ್ಕಂದ ಎಂದು ಐದು ಗೋತ್ರ ಹೇಳುತ್ತಾರೆ. ದೇವಾಂಗರು ದೇವಲ ಮಹರ್ಷಿಯನ್ನು ಮೂಲಪುರುಷನೆಂದು ಎಣಿಸಿ ಬಾದಾಮಿಯ ಬನಶಂಕರಿಯನ್ನು ಕುಲದೇವತೆಯಾಗಿ ನಡೆದುಕೊಳ್ಳುತ್ತಾರೆ. ಎರಡನೆಯದು ಅಡ್ಡಹೆಸರು: ಬಡಿಗೇರ, ಅಕ್ಕಿ, ಬೆಲ್ಲದ, ಅಂಗಡಿ, ಮೆಣಸಿನಕಾಯಿ ಎಂಬಂಥ ಕಸುಬಿನ ಹೆಸರುಗಳು ಅಥವಾ ಬಿಟ್ಟುಬಂದ ಊರಿನ ಹೆಸರುಗಳು. ಮೂರನೆಯದು ಮನೆದೇವರು. ಇವೆಲ್ಲವನ್ನೂ ಒಂದೆಡೆ ಕೂಡಿಸಿ ಕಾಯ್ದವರು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಊರೂರಿಗೆ ಬರುವ ಇವರು ಮನೆಯ ಮುಂದೆ ನಿಂತು ಆ ವಂಶದ ಹೆಸರುಗಳನ್ನು ಹಿರಿಯನಿಂದ ಹಿಡಿದು ಇಂದಿನ ಮಗುವಿನವರೆಗೆ ಓದುತ್ತಾರೆ. ಯಾರು ಯಾವ ಊರಿನಿಂದ ಬಂದರು, ಯಾರು ದತ್ತಕ ಹೋದರು, ಮನೆ ಎಂದು ಒಡೆಯಿತು, ಹೊಸದಾಗಿ ಹುಟ್ಟಿದವರು ಯಾರು ಎಂಬುದನ್ನು ಹೊತ್ತಿಗೆಯಲ್ಲಿ ಬರೆದುಕೊಳ್ಳುತ್ತಾರೆ. ಕಾಳು, ಹಣ, ಬಟ್ಟೆ, ಕೆಲವೊಮ್ಮೆ ದನಕರು ಅವರಿಗೆ ಸಲ್ಲುತ್ತದೆ. ಯಾವ ಹೆಳವರ ಮನೆಗೆ ಯಾವ ಊರುಗಳು ಎಂಬ ಹಂಚಿಕೆಯೂ ಪಿತ್ರಾರ್ಜಿತವೇ. ಇಲ್ಲಿ ಬಟ್ಟೆ ವಂಶ ಹೇಳಿದವನಿಗೆ ಸಲ್ಲುವ ಕಾಣಿಕೆ. ವಂಶವನ್ನು ಹೇಳುವುದು ಹೊತ್ತಿಗೆ.

ಅರಸು ಮನೆತನಗಳಲ್ಲಿಯೂ ಕ್ರಮ ಇದೇ. ಚಾಲುಕ್ಯರ ಶಾಸನಗಳು ಮಾನವ್ಯ ಗೋತ್ರ, ಹಾರೀತಿಪುತ್ರ ಎಂಬ ಮಾತಿನಿಂದ ವಂಶವನ್ನು ಸಾರುತ್ತವೆ. ಕಣ್ಣಿಗೆ ಕಾಣುವ ಗುರುತಾಗಿ ವರಾಹ ಲಾಂಛನ ಮುದ್ರೆಯ ಮೇಲೂ ನಾಣ್ಯದ ಮೇಲೂ ಬರುತ್ತದೆ. ನೇಕಾರಿಕೆ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಮಗ್ಗದೆರೆಯಂಥ ಕಂದಾಯದ ಬಾಬತ್ತಿನಲ್ಲಿ, ಸಮುದಾಯಗಳು ಮತ್ತು ವೃತ್ತಿಸಂಘಗಳ ದತ್ತಿಗಳಲ್ಲಿ. ಈ ವಂಶಾವಳಿಗಳನ್ನು ಆಧುನಿಕ ಚರಿತ್ರೆಗೆ ತಂದವರಲ್ಲಿ ಮೊದಲಿಗನಾದ ವಾಲ್ಟರ್ ಎಲಿಯಟ್ ಎಡಿನ್‌ಬರೊದಲ್ಲಿ 1803ರಲ್ಲಿ ಹುಟ್ಟಿದವನು. ಸ್ಕಾಟ್ಲೆಂಡಿನ ಗಡಿಸೀಮೆಯ ಎಲಿಯಟ್ ಮನೆತನದವನು. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತಾಗ ಸಹೋದ್ಯೋಗಿ ಸ್ಟೀವನ್ಸನ್ನನೊಂದಿಗೆ ಸೆರೆಸಿಕ್ಕವನು ಈತನೇ. ಮುಂದೆ ಈ ಸೀಮೆಯಲ್ಲಿಯೇ ಅಧಿಕಾರಿಯಾಗಿದ್ದು ನೂರಾರು ಕನ್ನಡ ಶಾಸನಗಳನ್ನು ಪ್ರತಿಮಾಡಿಸಿ, 1837ರಲ್ಲಿ ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಆಧಾರದಿಂದ ದಖ್ಖನ್ನಿನ ರಾಜವಂಶಗಳ ಕ್ರಮವನ್ನು ಕಟ್ಟಿದನು. ಕ್ಲ್ಯಾನುಗಳ ನಾಡಿನಿಂದ ಬಂದವನೊಬ್ಬ ಇಲ್ಲಿಯ ವಂಶಗಳನ್ನು ಗುರುತಿಸಿದ್ದು ಕಲ್ಲಿನ ಮೇಲಿನ ಅಕ್ಷರದಿಂದ ಎಂಬುದು ಗಮನಿಸತಕ್ಕ ಸಂಗತಿ.

ಬಟ್ಟೆ ಇಲ್ಲಿ ಕುಲದ ಗುರುತಾಗದಿರಲು ನೇಕಾರ ಬೇರೆ, ಉಡುವವ ಬೇರೆ ಎಂಬುದಷ್ಟೇ ಕಾರಣವಲ್ಲ. ಅದಕ್ಕಿಂತ ಆಳವಾದ ಕಾರಣ ಬಟ್ಟೆ ಮನೆಯಿಂದ ಮನೆಗೆ ಹೋಗುವ ರೀತಿಯಲ್ಲಿದೆ. ಮದುವೆಯಲ್ಲಿ ಬೀಗರು ಬೀಗರಿಗೆ ಆಯೇರಿ ಮಾಡುತ್ತಾರೆ. ಗಂಡಿನ ಕಡೆಯವರು ಹೆಣ್ಣಿಗೆ ಸೀರೆ ತರುತ್ತಾರೆ, ಹೆಣ್ಣಿನ ಕಡೆಯವರು ಗಂಡಿಗೆ ಧೋತರ, ರುಮಾಲು ಕೊಡುತ್ತಾರೆ. ಬಸುರಿಗೆ ತವರಿನವರು ಕುಬಸ ಮಾಡಿ ಹಸಿರು ಸೀರೆ ಉಡಿಸುತ್ತಾರೆ. ಬೆಡಗಿನ ನಿಯಮದಂತೆ ಬೀಗರು ಎಂದೂ ಒಂದೇ ಬೆಡಗಿನವರಾಗಿರಲಾರರು. ಅಂದರೆ ಒಬ್ಬ ಹೆಂಗಸಿನ ಪೆಟ್ಟಿಗೆಯಲ್ಲಿರುವ ಒಳ್ಳೆಯ ಸೀರೆಗಳಲ್ಲಿ ಅರ್ಧ ಒಂದು ಬೆಡಗಿನಿಂದ, ಅರ್ಧ ಇನ್ನೊಂದು ಬೆಡಗಿನಿಂದ ಬಂದಿರುತ್ತವೆ. ಅವಳೇ ಒಂದು ಬೆಡಗಿನಲ್ಲಿ ಹುಟ್ಟಿ ಇನ್ನೊಂದಕ್ಕೆ ಸೇರಿದವಳು. ಎರಡು ಕುಲಗಳನ್ನು ಕೂಡಿಸಲಿಕ್ಕೆಂದೇ ಕೊಡುವ ವಸ್ತುವನ್ನು ಒಂದೇ ಕುಲದ ಗುರುತು ಮಾಡಿದರೆ ಅದು ಮಾಡಬೇಕಾದ ಕೆಲಸವೇ ಕೆಡುತ್ತದೆ. ಜೊತೆಗೆ ಬೆಡಗಿನ ಪ್ರಶ್ನೆ ಏಳುವುದು ಸಂಬಂಧ ಕೂಡಿಸುವಾಗ, ಹಿರಿಯರು ಕೂತು ಮಾತಾಡುವಾಗ. ದಾರಿಯಲ್ಲಿ ಎದುರಾದ ಅಪರಿಚಿತನಿಗೆ ಅದನ್ನು ಸಾರುವ ಅಗತ್ಯ ಯಾರಿಗೂ ಇರಲಿಲ್ಲ. ಕೇಳಿದಾಗ ಹೇಳಬೇಕಾದ ಗುರುತು ಮಾತಿನಲ್ಲಿ ಉಳಿದದ್ದು ಸಹಜ.

ಇದಕ್ಕೆ ಮೂರು ಆಕ್ಷೇಪಗಳನ್ನು ಎತ್ತಬಹುದು. ಮೊದಲನೆಯದು ಮತ್ತು ಬಲವಾದದ್ದು ಕುರುಬರ ಕಂಕಣ. ಮದುವೆಯಲ್ಲಿ ಕಟ್ಟುವ ಕಂಕಣ ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆ ಹತ್ತಿ ಕಂಕಣದವರು, ಉಣ್ಣೆ ಕಂಕಣದವರು ಎಂಬ ಒಳಪಂಗಡಗಳಿವೆ. ಹಿಂದೆ ಇವರ ನಡುವೆ ಕೊಟ್ಟು ತರುವುದು ಇರಲಿಲ್ಲ. ನೂಲೇ ಇಲ್ಲಿ ವಂಶದ ಗುರುತಾಯಿತಲ್ಲ ಎನ್ನಬಹುದು. ಆಯಿತು, ಒಪ್ಪಬೇಕಾದ ಮಾತೇ. ಆದರೆ ಅದು ಬೇರ್ಪಡಿಸುವುದು ಬೆಡಗನ್ನಲ್ಲ, ಅನೇಕ ಬೆಡಗುಗಳನ್ನು ಒಳಗೊಂಡ ದೊಡ್ಡ ಪಂಗಡವನ್ನು. ಗುರುತು ಇರುವುದು ನೂಲಿನ ಜಾತಿಯಲ್ಲಿ, ನೇಯ್ಗೆಯ ವಿನ್ಯಾಸದಲ್ಲಲ್ಲ. ಅದು ಕಾಣುವುದು ಮದುವೆಯ ಕಾಲದಲ್ಲಿ, ಕಟ್ಟಿದ ಕಂಕಣ ಬಿಚ್ಚುವವರೆಗೆ ಮಾತ್ರ. ಎರಡನೆಯದು ಲಂಬಾಣಿ ಉಡುಪು. ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳ ಹಿರಿಯ ಹೆಂಗಸರ ಫೇಟಿಯಾ, ಕಾಂಚಳಿ, ಕನ್ನಡಿ ಹೊಲಿದ ಕಸೂತಿಯನ್ನು ದೂರದಿಂದಲೇ ಗುರುತಿಸಬಹುದು. ಅದು ಸಮುದಾಯವನ್ನೂ ಮದುವೆಯಾದವಳೋ ಅಲ್ಲವೋ ಎಂಬುದನ್ನೂ ಹೇಳುತ್ತದೆ. ರಾಠೋಡ, ಪವಾರ, ಚವಾಣ, ಜಾಧವ ಎಂಬ ಒಳಕುಲಗಳಲ್ಲಿ ಯಾವುದು ಎಂಬುದನ್ನು ಹೇಳುವುದಿಲ್ಲ. ಮೂರನೆಯದು ದೀಕ್ಷೆ ಮತ್ತು ಅಂತಸ್ತಿನ ಉಡುಪು. ತುಂಗಭದ್ರೆಯ ಆಚೆಯ ಮೈಲಾರಲಿಂಗನ ಗೊರವಯ್ಯ ಕರಿ ಕಂಬಳಿ ಹೊದೆಯುತ್ತಾನೆ. ಕಚ್ಚೆ ಹಾಕುವ ಬಗೆ, ಸೆರಗು ಹೊರುವ ಬಗೆ, ವಿಧವೆಗೆ ಹೇರಿದ ಬಣ್ಣ ಇವು ಜಾತಿಯನ್ನೂ ಸ್ಥಿತಿಯನ್ನೂ ತೋರಿಸುತ್ತಿದ್ದವು, ಅದರಲ್ಲಿ ಕ್ರೌರ್ಯವೂ ಇತ್ತು. ಆದರೆ ಗೊರವನ ಕಂಬಳಿ ಒಂದು ದೀಕ್ಷೆಯದು, ಉಳಿದವು ಮೇಲು-ಕೀಳಿನವು. ಮೂರೂ ಉದಾಹರಣೆಗಳು ಬಟ್ಟೆ ಬಹಳಷ್ಟನ್ನು ಹೇಳಬಲ್ಲದು ಎಂಬುದನ್ನು ತೋರಿಸುತ್ತವೆ. ಬೆಡಗನ್ನು ಹೇಳುತ್ತದೆ ಎಂಬುದನ್ನು ಯಾವುದೂ ತೋರಿಸುವುದಿಲ್ಲ.

ಈಗ ಸ್ಕಾಟ್ಲೆಂಡಿನತ್ತ ತಿರುಗಿದರೆ ಅಲ್ಲಿಯ ಹಳೆಯ ಸಾಕ್ಷ್ಯ ಗದಗ ಸೀಮೆಯನ್ನೇ ಹೋಲುತ್ತದೆ. ಅಲ್ಲಿಯ ಪಶ್ಚಿಮ ದ್ವೀಪಗಳ ಬಗ್ಗೆ 1703ರಲ್ಲಿ ಪುಸ್ತಕ ಪ್ರಕಟಿಸಿದ ಮಾರ್ಟಿನ್ ಮಾರ್ಟಿನ್, ಹೊದಿಕೆಯ ಬಣ್ಣ ಮತ್ತು ಪಟ್ಟೆ ಒಂದೊಂದು ದ್ವೀಪಕ್ಕೆ ಒಂದೊಂದು ಬಗೆಯಾಗಿದ್ದು, ಅದನ್ನು ಬಲ್ಲವರು ಉಟ್ಟವನ ಊರನ್ನು ಊಹಿಸಬಹುದೆಂದು ಬರೆದಿದ್ದಾನೆ. ನೇಯುವ ಹೆಂಗಸರು ಪ್ರತಿ ಬಣ್ಣದ ಎಳೆಗಳ ಎಣಿಕೆಯನ್ನು ಒಂದು ಕಟ್ಟಿಗೆಯ ತುಂಡಿನ ಮೇಲೆ ಗುರುತು ಮಾಡಿಟ್ಟುಕೊಳ್ಳುತ್ತಿದ್ದರೆಂಬ ವಿವರವೂ ಅವನದೇ. ಟಾರ್ಟನ್ ಉಣ್ಣೆಯ ಓರೆನೇಯ್ಗೆ. ಹಾಸಿನ ಬಣ್ಣದ ಕ್ರಮವೇ ಹೊಕ್ಕಿನಲ್ಲಿಯೂ ಬರುವುದರಿಂದ ಚೌಕ ಏಳುತ್ತದೆ, ಎರಡು ಬಣ್ಣ ಕೂಡಿದಲ್ಲಿ ಓರೆಗೆರೆಯ ಮಿಶ್ರಬಣ್ಣ ಕಾಣುತ್ತದೆ. ಪಟ್ಟೇದ ಅಂಚಿನ ಚೌಕಳಿಯಲ್ಲಿಯೂ ಲೆಕ್ಕ ಇದೇ. ಹತ್ತಿಯ ಸಾದಾ ನೇಯ್ಗೆಯಾದ್ದರಿಂದ ಓರೆಗೆರೆ ಇರುವುದಿಲ್ಲ. 1746ರಲ್ಲಿ ಕಲೋಡನ್ ರಣರಂಗದಲ್ಲಿ ಕೊನೆಗೊಂಡ ಬಂಡಾಯವನ್ನು ಕುರಿತ ಡೇವಿಡ್ ಮೋರಿಯರ್‌ನ ಚಿತ್ರದಲ್ಲಿ ಒಬ್ಬೊಬ್ಬ ಬಂಡುಕೋರನ ಮೈಮೇಲೂ ಎರಡು ಮೂರು ಬಗೆಯ ಚೌಕಳಿ ಬಟ್ಟೆಗಳಿವೆ. ತಮ್ಮವರು ಯಾರೆಂದು ತಿಳಿಯಲು ಅವರು ನೋಡುತ್ತಿದ್ದದ್ದು ಟೋಪಿಗೆ ಸಿಕ್ಕಿಸಿದ ಬಿಳಿ ಕುಚ್ಚನ್ನು. ಕುಲದ ಚರಿತ್ರೆ ಅಲ್ಲಿಯೂ ಬಾಯಿಮಾತಿನಲ್ಲಿತ್ತು. 1249ರಲ್ಲಿ ಮೂರನೆಯ ಅಲೆಕ್ಸಾಂಡರ್ ಪಟ್ಟಕ್ಕೆ ಬಂದಾಗ ಬೆಟ್ಟಸೀಮೆಯ ವಂಶಗಾರನೊಬ್ಬ ಅವನ ಪೂರ್ವಜರ ಹೆಸರುಗಳನ್ನು ಗೇಲಿಕ್ ಭಾಷೆಯಲ್ಲಿ ಒಪ್ಪಿಸಿದ್ದು ದಾಖಲಾಗಿದೆ. ಕ್ಲ್ಯಾನಿನ ನಾಯಕರ ಮನೆಗಳಲ್ಲಿ ಇಂಥ ವಂಶಗಾರರು ಪರಂಪರೆಯಾಗಿ ಇದ್ದರು. ನಮ್ಮ ಹೆಳವರ ಕಸುಬೇ ಅದು.

ಬಟ್ಟೆ ಮತ್ತು ಕುಲ ಎಂಬ ಈ ಎರಡು ಗುರುತುಗಳನ್ನು ಅಲ್ಲಿ ಬೆಸೆದದ್ದು ಮೊದಲು ಸೈನ್ಯ. 1725ರಲ್ಲಿ ಬೆಟ್ಟಸೀಮೆಯ ಕಾವಲಿಗೆ ಕಟ್ಟಿದ ಆರು ತುಕಡಿಗಳಲ್ಲಿ ಮೂರು ಕ್ಯಾಂಬೆಲ್ಲರವು, ಉಳಿದವು ಗ್ರ್ಯಾಂಟ್, ಫ್ರೇಸರ್, ಮನ್ರೋ ಮನೆತನಗಳವು. ಇವು ಮುಂದೆ ಬ್ಲ್ಯಾಕ್ ವಾಚ್ ಎಂಬ ಪಡೆಯಾದವು. ಅದರ ಕಡುನೀಲಿ, ಹಸಿರು, ಕಪ್ಪಿನ ಸರಕಾರಿ ಚೌಕಳಿಯೇ ಕ್ಯಾಂಬೆಲ್ ಟಾರ್ಟನ್ನಿನ ತಳಹದಿ. 1746ರ ಕಾನೂನು ಬೆಟ್ಟಸೀಮೆಯ ಉಡುಪನ್ನು ಗಂಡಸರಿಗೆ ನಿಷೇಧಿಸಿ ಸೈನಿಕರಿಗೆ ವಿನಾಯಿತಿ ಕೊಟ್ಟದ್ದರಿಂದ, 1782ರಲ್ಲಿ ಅದು ರದ್ದಾಗುವವರೆಗೆ ಟಾರ್ಟನ್ ಬೆಳೆದದ್ದು ಪಡೆಗಳ ಆಶ್ರಯದಲ್ಲಿ. ನಂತರ ಬಂದದ್ದು ಮಾರುಕಟ್ಟೆ. ಬ್ಯಾನಕ್‌ಬರ್ನಿನ ವಿಲ್ಸನ್ ನೇಯ್ಗೆ ಸಂಸ್ಥೆ ಮಾದರಿಗಳನ್ನು ಅಂಕಿಯಿಂದಲೂ ಊರಿನ ಹೆಸರಿನಿಂದಲೂ ಮಾರುತ್ತಿದ್ದು, ಕ್ರಮೇಣ ಕ್ಲ್ಯಾನುಗಳ ಹೆಸರನ್ನು ಹಚ್ಚಿತು. ಅದರ ಮಾದರಿ ಪುಸ್ತಕ 1819ರದು. ಲಂಡನ್ನಿನ ಹೈಲ್ಯಾಂಡ್ ಸೊಸೈಟಿ 1815ರಲ್ಲಿ ಕ್ಲ್ಯಾನುಗಳ ನಾಯಕರಿಂದ ಅವರವರ ಚೌಕಳಿಯ ತುಣುಕು ಕೇಳಿದಾಗ ತಮ್ಮದು ಯಾವುದೆಂದು ಹೇಳಲಾರದೆ ಹೋದ ನಾಯಕರೂ ಇದ್ದರು. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರೊಗೆ ಬಂದ ಉತ್ಸವವನ್ನು ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ. ಎಲ್ಲರೂ ತಮ್ಮ ತಮ್ಮ ಟಾರ್ಟನ್ನಿನಲ್ಲಿ ಬರಬೇಕೆಂಬ ಕರೆಯಿಂದ ಬೇಡಿಕೆ ಏರಿತು. 1842ರಲ್ಲಿ ಸೋಬಿಯೆಸ್ಕಿ ಸ್ಟುವರ್ಟ್ ಸಹೋದರರು ಪ್ರಾಚೀನ ಹಸ್ತಪ್ರತಿಯೆಂದು ಪ್ರಕಟಿಸಿದ ಕುಲಬಟ್ಟೆಗಳ ಗ್ರಂಥ ಕೃತಕವೆಂದು ಸಾಬೀತಾದರೂ ಅದರೊಳಗಿನ ಹಲವು ಚೌಕಳಿಗಳು ಚಲಾವಣೆಯಲ್ಲಿ ಉಳಿದವು. 2008ರ ಕಾನೂನಿನಿಂದ ಸ್ಕಾಟ್ಲೆಂಡಿನಲ್ಲಿ ಟಾರ್ಟನ್ನುಗಳ ಸರಕಾರಿ ನೋಂದಣಿಯೂ ಬಂತು. ಅಲ್ಲಿ ಮನೆತನಗಳ ಜೊತೆಗೆ ಕಂಪನಿಗಳೂ ವ್ಯಕ್ತಿಗಳೂ ಚೌಕಳಿ ದಾಖಲಿಸಬಹುದು.

ಈ ಬೆಸುಗೆ ನಡೆದ ಕಾಲದಲ್ಲಿಯೇ ಮನ್ರೋ, ಕ್ಯಾಂಬೆಲ್ ಎಂಬ ಅದೇ ಮನೆತನಗಳ ಹೆಸರಿನವರು ಗದಗ ಸೀಮೆಗೆ ಬಂದಿದ್ದರು. 1817-18ರಲ್ಲಿ ಧಾರವಾಡ, ಗದಗ, ಬಾದಾಮಿ ಭಾಗಗಳನ್ನು ಪೇಶ್ವೆಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಗೆದ್ದುಕೊಟ್ಟ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದವನು. 1884ರಲ್ಲಿ ಹೊರಬಂದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರಿನ ಸಂಪಾದಕ ಜೇಮ್ಸ್ ಕ್ಯಾಂಬೆಲ್ ಸ್ಕಾಟ್ಲೆಂಡಿನ ಧರ್ಮಶಾಸ್ತ್ರಜ್ಞನೊಬ್ಬನ ಮಗ. ಆ ಗ್ಯಾಸೆಟಿಯರು ಜಿಲ್ಲೆಯ ಒಂದೊಂದು ಸಮುದಾಯದ ಒಳಪಂಗಡ, ಕುಲದೇವತೆ, ಉಡುಪು, ಮದುವೆಯ ಕ್ರಮಗಳನ್ನು ಬಿಡಿಬಿಡಿಯಾಗಿ ಬರೆದಿಟ್ಟಿದೆ. ಬೆಡಗೂ ಬಟ್ಟೆಯೂ ಅಲ್ಲಿ ಬೇರೆ ಬೇರೆ ಸಂಗತಿಗಳಾಗಿಯೇ ಉಳಿದಿವೆ. ಸೈನ್ಯಕ್ಕೆ ಬೆಡಗುವಾರು ಪಡೆ ಕಟ್ಟಲಿಲ್ಲ, ಸೀರೆಯ ಮೇಲೆ ನಿಷೇಧ ಬರಲಿಲ್ಲ, ಬೆಡಗಿನ ಹೆಸರಿನಲ್ಲಿ ಬಟ್ಟೆ ಮಾರುವ ವ್ಯಾಪಾರಿ ಹುಟ್ಟಲಿಲ್ಲ. ಸ್ಕಾಟ್ಲೆಂಡಿನ ಬೆಸುಗೆಗೆ ಬೇಕಾಗಿದ್ದ ಒಂದು ಕಾರಣವೂ ಇಲ್ಲಿ ಒದಗಲಿಲ್ಲ.

ಹಾಗೆಂದು ಕ್ಲ್ಯಾನ್ ಟಾರ್ಟನ್ನನ್ನು ಹುಸಿ ಎಂದು ತಳ್ಳಿಹಾಕುವುದೂ ಸರಿಯಲ್ಲ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಅದನ್ನು ಕಟ್ಟಿಕೊಂಡ ಪರಂಪರೆಯ ಉದಾಹರಣೆಯಾಗಿ ತೋರಿಸಿದ ಮೇಲೆ ಆ ನಿಲುವು ಹಲವರಿಗೆ ಒಪ್ಪಿಗೆಯಾಯಿತು. ಆದರೆ ಚೌಕಳಿ ನೇಯ್ಗೆ ಸ್ಕಾಟ್ಲೆಂಡಿನಲ್ಲಿ ನಿಜವಾಗಿಯೂ ಹಳೆಯದು: ಫಾಲ್ಕರ್ಕ್‌ನಲ್ಲಿ ಸಿಕ್ಕ ಚೌಕಳಿ ತುಣುಕು ಮೂರನೆಯ ಶತಮಾನದ್ದು. ಹೊಸದು ಬಟ್ಟೆಯಲ್ಲ, ಬಟ್ಟೆಗೂ ಕುಲಕ್ಕೂ ಹಾಕಿದ ಗಂಟು. ಆ ಗಂಟಿಗೆ ಈಗ ಇನ್ನೂರು ವರ್ಷ. ಅಷ್ಟು ಕಾಲ ಜನ ನಂಬಿ ಉಟ್ಟದ್ದು ಅವರ ಮಟ್ಟಿಗೆ ಸಂಪ್ರದಾಯವೇ. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ನೆಲೆಸಿ, ಊರೂ ಗೇಲಿಕ್ ಭಾಷೆಯೂ ವಂಶಗಾರನೂ ಕೈತಪ್ಪಿದವರಿಗೆ ಬಟ್ಟೆಯೊಂದೇ ಕೈಗೆ ಸಿಗುವ ಗುರುತಾಯಿತು. ಬಾಯಿಂದ ವಂಶ ಹೇಳುವವರು ಇಲ್ಲವಾದಲ್ಲಿ ಜನ ಕಣ್ಣಿಗೆ ಕಾಣುವ ಗುರುತು ಹುಡುಕುತ್ತಾರೆ ಎಂಬುದು ಇದರಿಂದ ತಿಳಿಯುವ ಮಾತು, ಮತ್ತು ಅದು ಗದಗ ಸೀಮೆಗೂ ಅನ್ವಯಿಸುತ್ತದೆ. ಹೆಳವರ ಮಕ್ಕಳು ಬೇರೆ ಉದ್ಯೋಗ ಹಿಡಿಯುತ್ತಿದ್ದಾರೆ. ಬೆಡಗು ಗೊತ್ತಿಲ್ಲದ ಯುವಕರು ಬೆಂಗಳೂರು, ಪುಣೆಗಳಲ್ಲಿ ಬೆಳೆಯುತ್ತಿದ್ದಾರೆ. ಮನೆತನಕ್ಕೊಂದು ಬಟ್ಟೆ, ಮನೆತನಕ್ಕೊಂದು ಲಾಂಛನ ಮಾಡಿ ಮಾರುವ ವ್ಯಾಪಾರ ನಾಳೆ ಇಲ್ಲಿಗೂ ಬಂದರೆ ಅಚ್ಚರಿಪಡಬೇಕಾಗಿಲ್ಲ.

ಕಾನೂನು ಈ ವಿಷಯದಲ್ಲಿ ಸದ್ಯ ಸರಿಯಾದ ದಾರಿಯಲ್ಲಿದೆ. ಭಾರತದ ಭೌಗೋಳಿಕ ಗುರುತಿನ ಕಾಯ್ದೆ 1999ರದು. ಅದರಡಿ ಇಳಕಲ್ ಸೀರೆಗೆ 2007ರಲ್ಲಿ ಮಾನ್ಯತೆ ಸಿಕ್ಕಿತು. ಕಾಯ್ದೆ ಹೆಸರನ್ನು ಕಟ್ಟುವುದು ಸೀಮೆಗೆ ಮತ್ತು ಅಲ್ಲಿಯ ಉತ್ಪಾದಕರಿಗೆ. ಉಡುವವರ ಕುಲದ ಪ್ರಶ್ನೆಯೇ ಅಲ್ಲಿಲ್ಲ. 1985ರ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಮೀಸಲಿಟ್ಟಿದೆ. ವಿದ್ಯುತ್ ಮಗ್ಗದಲ್ಲಿ ಸೀರೆಯ ನಕಲು ಸುಲಭ, ಆದರೆ ಎಳೆಗೆ ಎಳೆ ಕೊಂಡಿ ಹಾಕುವ ಕೈಯ ಕೆಲಸ ನಕಲಿಗೆ ಸಿಗುವುದಿಲ್ಲ. ಬೆಲೆ ಸಿಗಬೇಕಾದದ್ದು ಆ ಕೈಗೆ. ಪಟ್ಟೇದ ಅಂಚಿನ ಸೀರೆಯ ಮೇಲೆ ಯಾವುದೋ ಮನೆತನದ ಹೆಸರು ಹಚ್ಚಿದರೆ ಲಾಭ ಕೊಳ್ಳುವವನ ಹೆಮ್ಮೆಗೆ, ಮಾರುವವನ ಗಲ್ಲೆಗೆ. ಗಜೇಂದ್ರಗಡದ ಹೆಸರನ್ನೂ ನೇಯ್ದವರ ಹೆಸರನ್ನೂ ಹಚ್ಚಿದರೆ ಅದು ಸತ್ಯವೂ ಹೌದು, ನೇಕಾರನಿಗೆ ಆಸರೆಯೂ ಹೌದು. ಮನೆತನದ ಚರಿತ್ರೆ ಬೇಕೆನ್ನುವವರು ಮಾಡಬೇಕಾದ ಕೆಲಸ ಬೇರೆ ಇದೆ. ತಮ್ಮ ಊರಿಗೆ ಬರುವ ಹೆಳವರು ಯಾರೆಂದು ಹಿರಿಯರನ್ನು ಕೇಳಿ ತಿಳಿದು, ಅವರಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿ, ಅವರ ಒಪ್ಪಿಗೆಯಿಂದ ಹೊತ್ತಿಗೆಯ ಪ್ರತಿ ಮಾಡಿಸಿಡಬೇಕು. ಬೆಡಗಿನ ದಾಖಲೆ ಇರುವುದು ಅಲ್ಲಿ.